ಅಮರಮ್ಮನ ಕರಿ ಹುಳ

ದೀಪದ ಕಾವು ಮಣಿಕಟ್ಟಿಗೆ ತಾಗುತ್ತಿದೆ, ಕನ್ನಡಕದೊಳಗೆ ಬೆವರು, ಇಕ್ಕಳದ ಬಾಯಲ್ಲಿ ಗಾಳದ ಕೊಕ್ಕೆ, ಕೊಕ್ಕೆಯ ಮೇಲೆ ಹೋದ ವರ್ಷ ತಂಗಿ ಅಮರಮ್ಮ ದಾರ ಸುತ್ತಿ ಕಟ್ಟಿದ ಕರಿ ಹುಳ — ಇದೊಂದೇ ಉಳಿದದ್ದು, ಶಿವಲಿಂಗಮ್ಮ ಮುಟ್ಟಲೋ ಬೇಡವೋ ಎಂದು ಕೂತಿದ್ದಾಳೆ, ಹೊರಗೆ ಗದಗಿನ ರೈಲು ಕೂಗಿತು, ಹನ್ನೊಂದಾಯಿತೇನೋ, ಮಧ್ಯಾಹ್ನದೊಳಗ ಮೂರು ಮಾದರಿ ಆರಿಸಿ ಕೊಡ್ರಿ ಅಕ್ಕಾ, ನೀವು ಆರಿಸಿದ್ದನ್ನ ವರ್ಷಪೂರ್ತಿ ಎಲ್ಲಾರೂ ಕಟ್ಟೂದು, ಅಂದು ಹೋಗಿದ್ದಾನೆ ಮೇಲ್ವಿಚಾರಕ ಕೊಟ್ರಪ್ಪ. ಎಲ್ಲೋ ತಣ್ಣನೆಯ ನಾಡಿನ ಹೊಳೆಯಲ್ಲಿ ಟ್ರೌಟ್ ಎನ್ನುವ ಮೀನಂತೆ, ಕಲ್ಲಡಿಯ ನೀರುಹುಳದ ಮರಿ ಎಂದು ನಂಬಿ ಇದನ್ನು ನುಂಗುತ್ತದಂತೆ, ಇಂಥ ಹುಳಕ್ಕೆ ನಿಂಫ್ ಅನ್ನುತ್ತಾರೆ, ಕೊಪ್ಪಳದ ಈ ತಗಡಿನ ಶೆಡ್ಡಿನಲ್ಲಿ ಹದಿನಾಲ್ಕು ಹೆಂಗಸರು ಕಟ್ಟುತ್ತಾರೆ, ಒಬ್ಬರೂ ಆ ಮೀನು ಕಂಡಿಲ್ಲ. ಕಂದು ಗರಿಯದು ಸರಿ, ಬಾಲಕ್ಕೆ ಮೂರೇ ಎಳೆ, ನೀರಲ್ಲಿ ಬಿಚ್ಚಿಕೊಳ್ಳುವುದಿಲ್ಲ, ತಾಮ್ರದ ತಂತಿ ಸುತ್ತಿದ್ದೂ ಸರಿ, ಭಾರ, ಬೇಗ ತಳ ಸೇರುತ್ತದೆ, ಮೊಲದ ರೋಮದ್ದು ಬೇಡ, ಹೊಸಬರ ಕೈಯಲ್ಲಿ ಉಂಡೆಯಾಗುತ್ತದೆ — ಮೂರನೆಯದು ಈ ಕರಿಯದೇ, ನೀರಿನ ಬಟ್ಟಲಲ್ಲಿ ಬಿಟ್ಟರೆ ಉಸಿರಾಡಿದಂತೆ ಮಿಸುಕುತ್ತಿತ್ತು, ಯಾವ ದಾರ ಹಾಕ್ತೀಯೇ ಅಂತ ಕೇಳಿದರೆ ಯಾಕ ಬೇಕಕ್ಕಾ, ಮೀನ ಕೇಳತಾವೇನು ಅಂತ ನಕ್ಕಿದ್ದಳು, ನಗುತ್ತಲೇ ಹೋಗಿಬಿಟ್ಟಳು, ಎದೆಯ ಗಡ್ಡೆ, ಕೀಮೋಗೆಂದು ಆರು ಸಲ ಹುಬ್ಬಳ್ಳಿ, ಯುಗಾದಿಗೆ ಎರಡು ದಿನ ಇರುವಾಗ ಮುಗಿಯಿತು, ದಾರದ ಗುಟ್ಟು ಹೇಳಲೇ ಇಲ್ಲ. ತಿಳಿಯಬೇಕಾದರೆ ಬಿಚ್ಚಲೇಬೇಕು. ಬ್ಲೇಡಿನ ಮೂಲೆಯಿಂದ ತಲೆಯ ಗಂಟು ಕೊಯ್ದಳು, ಒಂದು ಸುತ್ತು, ಮತ್ತೊಂದು, ಮೇಲಿನ ರೇಷ್ಮೆ ಕಳಚಿತು, ಒಳಗಿನ ಕರಿ ಎಳೆ ಮುಗಿಯುವುದೇ ಇಲ್ಲ, ಬೆರಳಿಗೆ ಸುತ್ತಿಕೊಂಡಷ್ಟೂ ಬರುತ್ತಿದೆ, ಇದು ದಾರವಲ್ಲ — ಅಯ್ಯ ಶಿವನೇ, ಇದು ಕೂದಲು, ಅವಳದೇ, ಎರಡನೇ ಸಲ ಹುಬ್ಬಳ್ಳಿಯಿಂದ ಬಂದ ಮೇಲೆ ದಿಂಬಿನ ತುಂಬ ಉದುರಿದ್ದು, ತಾನು ಕಸಬರಿಗೆ ತಂದರೆ ಚೆಲ್ಲಬ್ಯಾಡ, ಇಲ್ಲಿ ಕೊಡು ಅಂತ ಕಾಗದದಲ್ಲಿ ಮಡಚಿ ಇಟ್ಟುಕೊಂಡಿದ್ದಳು, ಇಂಥವು ಎಷ್ಟು ಡಜನ್ ಹೋಗಿವೆ, ಯಾವ ಹೊಳೆಗೆ, ಯಾವ ಮೀನಿನ ಗಂಟಲಲ್ಲಿ ತನ್ನ ತಂಗಿ — ಆರಿಸಿದ್ರೇನಕ್ಕಾ, ಕೊಟ್ರಪ್ಪ ಬೆನ್ನ ಹಿಂದೆ ನಿಂತಿದ್ದಾನೆ, ಅವಳು ಕಂದನ್ನೂ ತಾಮ್ರದ್ದನ್ನೂ ಮುಂದಕ್ಕೆ ಸರಿಸುತ್ತಾಳೆ, ಎರಡೇ ಅದಾವಲ್ರಿ, ಅಮರಮ್ಮನ ಕರೇದು ಎಲ್ಲೈತಿ, ಬಿಚ್ಚೀನಿ ಅನ್ನುತ್ತಾಳೆ, ಹಂಗಾರ ಕಟ್ಟಿ ತೋರಿಸ್ರಿ, ಕಟ್ಟಾಕ ಬರಂಗಿಲ್ಲೋ ತಮ್ಮಾ, ಇನ್ನ ಯಾರಿಗೂ ಬರಂಗಿಲ್ಲ, ಅವನು ಇನ್ನೂ ಏನೋ ಹೇಳುತ್ತಿದ್ದಾನೆ, ಕೇಳಿಸುತ್ತಿಲ್ಲ, ಬೆರಳಿಗೆ ಅಂಟಿದ ಒಂದೇ ಎಳೆ, ಅದರ ತುದಿಯಲ್ಲಿ ಬುಡಸಮೇತ ಕಿತ್ತುಬಂದ ಬಿಳಿ ಚುಕ್ಕೆ, ಉಸಿರು ತಾಗಿದರೆ ಅಲುಗುತ್ತದೆ, ಉಸಿರು ಹಿಡಿದರೂ ಅಲುಗುತ್ತದೆ, ಬಿಳಿ ಚುಕ್ಕೆ, ಬಿಳಿ ಚುಕ್ಕೆ —