ಮೂಲೆಯ ಮೇಣ

ಮೆಟ್ಟಿಲ ಅರ್ಧದಲ್ಲೇ ಚಿಕ್ಕವೆಂಕಟಮ್ಮನ ಮೂಗಿಗೆ ಸೀಮೆಎಣ್ಣೆ ವಾಸನೆ ಬಡಿಯಿತು. ತಲೆಯ ಮೇಲಿದ್ದ ಹಿಪ್ಪುನೇರಳೆ ಸೊಪ್ಪಿನ ಕುಕ್ಕೆಯನ್ನು ಅಲ್ಲೇ ಇಳಿಸಿ ಮೇಲಕ್ಕೆ ಓಡಿದಳು. ಅಟ್ಟದ ಹಜಾರದ ಬಾಗಿಲಲ್ಲಿ ಮಗಳು ರತ್ನ, ಕೈಯಲ್ಲಿ ಒದ್ದೆ ಬಟ್ಟೆ.

"ಬುದ್ಧಿ ನೆಟ್ಟಗೈತೇನೇ ನಿಂಗೆ? ಒಳಗೆ ಹುಳು ಅವೆ. ಸೀಮೆಎಣ್ಣೆ ಗಾಳಿ ಸೋಕಿದ್ರೆ ಒಂದೂ ಉಳಿಯಲ್ಲ!" ಬಟ್ಟೆಯನ್ನು ಕಿತ್ತುಕೊಂಡು ಕಿಟಕಿಯಿಂದ ಹಿತ್ತಿಲಿಗೆ ಎಸೆದಳು. "ಹೋಗು, ಸೀಗೆಪುಡಿ ಹಾಕಿ ಕೈ ಉಜ್ಕೊಂಡು ಬಾ."

ಶಿಡ್ಲಘಟ್ಟದ ಸುತ್ತಿನ ಊರುಗಳಲ್ಲಿ ರೇಷ್ಮೆ ಹುಳು ಮನೆಗೆ ಬಂತೆಂದರೆ ಮನೆಯವರೆಲ್ಲ ಬಾಡಿಗೆಗಿದ್ದಂತೆ. ಒಳ್ಳೆಯ ಕೋಣೆ ಹುಳುವಿಗೆ, ಜಗಲಿ ಮನುಷ್ಯರಿಗೆ. ಚಿಕ್ಕವೆಂಕಟಮ್ಮನ ಗಂಡ ವೆಂಕಟರಾಮಪ್ಪನ ಮನೆಯ ಹುಳುಗಳಿಗಂತೂ ಹೂವಿನ ಗೋಡೆಯ ವೈಭೋಗ. ಹತ್ತು ವರ್ಷದ ಹಿಂದೆ, ಸ್ವಾತಂತ್ರ್ಯ ಬಂದ ವರ್ಷ, ಬೆಂಗಳೂರು ದಂಡಿನಲ್ಲಿ ಗಂಟುಮೂಟೆ ಕಟ್ಟಿದ ದೊರೆಯೊಬ್ಬನ ಸಾಮಾನು ಹರಾಜಾದಾಗ ಅವನು ಗೋಡೆಗೆ ಅಂಟಿಸುವ ಕಾಗದದ ಸುರುಳಿಗಳನ್ನು ತಂದಿದ್ದ. ಬಿಳಿ ನೆಲದ ಮೇಲೆ ನೀಲಿ ಹೂವು. ದೊಡ್ಡ ಮಗಳ ಮದುವೆಗೆಂದು ಮೈದಾ ಗಂಜಿ ಕಾಯಿಸಿ ಹಜಾರಕ್ಕೆಲ್ಲ ತಾನೇ ಅಂಟಿಸಿದ. ನೆಂಟರು ಬಂದರೆ ಕಾಫಿಗಿಂತ ಮೊದಲು ಆ ಗೋಡೆ ತೋರಿಸುತ್ತಿದ್ದ. ಅದರ ಮೇಲೆ ನೊಣ ಕೂತರೂ ಅವನಿಗೆ ಗೊತ್ತಾಗುತ್ತಿತ್ತು.

ರಾತ್ರಿ ಸೊಪ್ಪು ಹಾಕಲು ಇಲ್ಲಿ ಲಾಂದ್ರ ತರುವಂತಿಲ್ಲ, ಮೇಣದಬತ್ತಿಯೇ ಗತಿ. ತಾಯಿ ಮಗಳು ಸರದಿಯ ಮೇಲೆ ಎದ್ದು ಹಾಕುತ್ತಿದ್ದರು. ಆದರೆ ರತ್ನ ಸೀಮೆಎಣ್ಣೆಯಲ್ಲಿ ಒರೆಸಲು ಹೊರಟಿದ್ದ ಮೇಣ ಬಿದ್ದದ್ದು ಹುಳುವಿನ ತಟ್ಟೆಗಳ ಹತ್ತಿರವಲ್ಲ. ಆಚೆ ಮೂಲೆಯಲ್ಲಿ, ಹುಳು ಗೂಡು ಕಟ್ಟುವ ಬಿದಿರು ಚಂದ್ರಿಕೆಗಳನ್ನು ಒರಗಿಸಿದ್ದ ಕಡೆ. ಪೆಟ್ಟಿಗೆಯ ಮೇಲಿಟ್ಟ ಬತ್ತಿ ವಾಲಿ, ನೆಲದಲ್ಲಿ ಕೂತವರ ಹೆಗಲಿನೆತ್ತರಕ್ಕೆ ಗೋಡೆಯ ಮೇಲೆ ಅಂಗೈಯಗಲ ಮೇಣ ಇಳಿದಿತ್ತು. ಅಲ್ಲಿ ಕೂತು ಯಾರೂ ಹುಳುವಿಗೆ ಸೊಪ್ಪು ಹಾಕುವುದಿಲ್ಲ.

ಕೈ ತೊಳೆದು ಬಂದ ರತ್ನ ತಲೆ ತಗ್ಗಿಸಿಕೊಂಡೇ ಹೇಳಿದಳು. "ಜಾನಕಮ್ಮ ಟೀಚರು ಅರ್ಜಿ ಹಾಕ್ಸಿದ್ರು ಕಣಮ್ಮ. ಎಸ್ಸೆಸ್ಸೆಲ್ಸಿಗೆ. ಪರೀಕ್ಷೆಗೆ ಇನ್ನು ಹತ್ತೇ ದಿನ."

ಎರಡು ವರ್ಷದ ಹಿಂದೆ ವೆಂಕಟರಾಮಪ್ಪ ಅವಳನ್ನು ಸ್ಕೂಲು ಬಿಡಿಸಿದ್ದ. ಗೊತ್ತು ಮಾಡಿದ ಹುಡುಗ ಎಂಟನೇ ಕ್ಲಾಸು, ಹುಡುಗಿ ಅವನನ್ನು ಮೀರಬಾರದು ಎಂದು. ಸಂಕ್ರಾಂತಿಯಲ್ಲಿ ಒಂದು ಪುಸ್ತಕ ಸಿಕ್ಕಿದ್ದು ಒಲೆ ಸೇರಿತ್ತು. ಇನ್ನೊಂದು ಕಂಡರೆ ಮಾರನೇ ವಾರವೇ ಲಗ್ನ ಎಂದಿದ್ದ. ಅವನು ಆಡಿದ ಮಾತು ಮಾಡದೆ ಬಿಟ್ಟವನಲ್ಲ.

ಚಿಕ್ಕವೆಂಕಟಮ್ಮ ಉಗುರಿನಿಂದ ಮೇಣದ ಅಂಚು ಎಬ್ಬಿಸಿ ನೋಡಿದಳು. ಮೇಣದ ಜೊತೆ ನೀಲಿ ಎಸಳೂ ಎದ್ದುಬರುವಂತಿತ್ತು. ಕೈ ಹಿಂದೆ ತೆಗೆದಳು.

"ನಿಮ್ಮಪ್ಪನ ಇಸ್ತ್ರಿ ಪೆಟ್ಟಿಗೆಗೆ ಕೆಂಡ ತುಂಬ್ಕೊಂಡು ಬಾ. ಆಮೇಲೆ ಆ ಮಸಿ ಹೀರೋ ಕಾಗದ ತಾ. ನಿನ್ನ ದಪ್ಪ ಪುಸ್ತಕದಾಗೆ ಐತಲ್ಲ, ಗುಲಾಬಿ ಬಣ್ಣದ್ದು."

ರತ್ನ ಕಣ್ಣು ಕಣ್ಣು ಬಿಟ್ಟಳು.

"ಚಂದ್ರಿಕೆ ಹಿಂದೆ ಕಸ ಗುಡ್ಸೋಳು ಯಾರು ಅನ್ಕೊಂಡಿದ್ದೆ? ಹೋಗೇ, ಹೊತ್ತಾಯ್ತು."

ದೊಡ್ಡವಳ ಧಾರೆ ಸೀರೆಗೆ ಮೇಣ ಬಿದ್ದಾಗ ಅಗಸರ ಮುನಿಗಂಗಪ್ಪ ಹೀಗೇ ಕಾಗದ ಇಟ್ಟು, ಮೇಲೆ ಇಸ್ತ್ರಿ ಒತ್ತಿ ತೆಗೆದಿದ್ದ. ಆದರೆ ಸೀರೆಯನ್ನು ಮಣೆಯ ಮೇಲೆ ಹಾಸಬಹುದು, ಗೋಡೆಯನ್ನು ಮಲಗಿಸುವುದು ಹೇಗೆ? ರತ್ನ ಕಾಗದ ಒತ್ತಿ ಹಿಡಿದಳು. ತಾಯಿ ಭಾರದ ಹಿತ್ತಾಳೆ ಪೆಟ್ಟಿಗೆಯನ್ನು ಎರಡೂ ಕೈಯಲ್ಲಿ ಅಡ್ಡ ಎತ್ತಿ, ಗೋಡೆಗೆ ಮುಟ್ಟಿಸಿ, ಐದು ಎಣಿಸಿ ತೆಗೆದಳು. ತೂತುಗಳಿಂದ ಬೂದಿ ಉದುರಿ ಮೊಣಕೈ ಚುರುಗುಟ್ಟಿತು. ಕಾಗದದಲ್ಲಿ ಜಿಡ್ಡಿನ ಕಲೆ ಹರಡಿತು. ಮತ್ತೆ ಕಾಗದ ಸರಿಸಿ, ಮತ್ತೆ ಐದು. ಮೇಣ ಕರಗಿ ಕಾಗದಕ್ಕೆ ಏರುತ್ತಾ ಹೋದಂತೆ ಹೂವು ಒಂದೊಂದಾಗಿ ಕಾಣಿಸಿಕೊಂಡವು. ರತ್ನಳಿಗೆ ಅಳು ಬಂತು. ಭಯಕ್ಕಲ್ಲ, ಅಮ್ಮ ಇಷ್ಟು ದಿನವೂ ಗೊತ್ತಿದ್ದು ಸುಮ್ಮನಿದ್ದಳಲ್ಲ ಎಂದು.

"ಆ ಕೆಂಡದ ಪೆಟ್ಟಿಗೆ ಇಲ್ಯಾಕೆ?"

ವೆಂಕಟರಾಮಪ್ಪ ಊಟದ ಹೊತ್ತಿಗಿಂತ ಮುಂಚೆಯೇ ಬಂದು ಬಾಗಿಲಲ್ಲಿ ನಿಂತಿದ್ದ. ಅವನ ಕಣ್ಣು ನೇರ ಮೂಲೆಗೆ ಹೋಯಿತು. ಮೇಣ ಹೋಗಿತ್ತು, ಅಂಗೈಯಗಲ ಮಿರುಗು ಉಳಿದಿತ್ತು. ರತ್ನ ಜಿಡ್ಡು ಕಾಗದವನ್ನು ಸೆರಗಿನೊಳಗೆ ಮುದುಡಿಕೊಂಡಳು.

"ಮೇಣ ಬಿದ್ದಿತ್ತು, ತೆಗೆದೆ," ಎಂದಳು ಚಿಕ್ಕವೆಂಕಟಮ್ಮ.

"ಆ ಮೂಲೇಲಿ ಬತ್ತಿಗೇನು ಕೆಲ್ಸ? ಯಾರು ಕೂತಿದ್ರು ಅಲ್ಲಿ?"

"ನಾನೇ. ತೂಕಡಿಕೆ ಬಂತು, ಒರಗಿದ್ದೆ."

ಇಪ್ಪತ್ತಾರು ವರ್ಷದಲ್ಲಿ ಹುಳುವಿನ ಮನೆಯಲ್ಲಿ ಅವಳು ಕಣ್ಣು ಮುಚ್ಚಿದ್ದಿಲ್ಲ. ಅವಳ ಕೈಗುಣ ಕೇಳಿಕೊಂಡು ಚಿಂತಾಮಣಿ ಕಡೆಯಿಂದಲೂ ಜನ ಬರುತ್ತಿದ್ದರು. ಅವಳಿಗಿದ್ದ ಹೆಮ್ಮೆ ಅದೊಂದೇ, ಅದೂ ಅವನಿಗೆ ಗೊತ್ತಿತ್ತು.

"ಹುಳು ಮನೇಲಿ ನಿದ್ದೆ! ಬೆಂಕಿ ಹತ್ಕೊಂಡಿದ್ರೆ? ವಯಸ್ಸಾಯ್ತು ನಿಂಗೆ. ಈ ಸಲ ಗೂಡು ಇಳಿಸೋವರ್ಗೂ ಈ ಹೊಸ್ತಿಲು ದಾಟ್ಬೇಡ. ರಾತ್ರಿ ಎಲ್ಲಾ ರತ್ನನೇ ನೋಡ್ಕೊಳ್ಲಿ. ಅವ್ಳಿಗಾದ್ರೂ ಎಚ್ಚರ ಐತೆ."

"ಅಪ್ಪಾ..." ಎಂದು ರತ್ನ ಬಾಯಿ ತೆರೆದಳು. ತಾಯಿ ಪೆಟ್ಟಿಗೆಯನ್ನು ಅವಳ ಕೈಗೆ ತುರುಕಿ, "ಕೆಂಡ ಆರಿಸ್ಕೊಂಡು ಬಾ, ಹೋಗು," ಎಂದಳು. ಮಧ್ಯಾಹ್ನದೊಳಗೆ ಸುದ್ದಿ ಊರಿಗೆಲ್ಲ ಗೊತ್ತಾಗಿತ್ತು. ಪಕ್ಕದ ಮನೆಯ ಅಕ್ಕಯ್ಯಮ್ಮ ಬಂದು, "ನಿನ್ನ ಕೈಯಾಗೂ ಹಿಂಗಾಯ್ತಾ?" ಎಂದು ಲೊಚಗುಟ್ಟಿದಳು. ಆ ಮಾತು ಚಿಕ್ಕವೆಂಕಟಮ್ಮನಿಗೆ ಕೆಂಡಕ್ಕಿಂತ ಹೆಚ್ಚು ಸುಟ್ಟಿತು. ಆದರೂ ಹೂಂ ಎಂದಳು.

ಹೊತ್ತು ಮುಳುಗುವಾಗ ಸೊಪ್ಪಿನ ಕುಕ್ಕೆ ಹೊತ್ತು ಮೇಲೆ ಬಂದು ಹೊಸ್ತಿಲಾಚೆಯೇ ನಿಂತಳು. ಕುಕ್ಕೆಯ ಜೊತೆ ಒಂದು ತೆಂಗಿನ ಚಿಪ್ಪನ್ನೂ ಮಗಳ ಕೈಗಿಟ್ಟಳು.

"ಬತ್ತಿ ಇದರಾಗೆ ನಿಲ್ಸು. ಗೋಡೆಗೆ ದೂರ. ಮೊದ್ಲು ಹುಳು, ಆಮೇಲೆ ನಿಂದು."

"ನಿಜ ಹೇಳ್ಬಿಡ್ತೀನಮ್ಮ ಅಪ್ಪಂಗೆ."

"ಹತ್ತು ದಿನ ಆದ್ಮೇಲೆ ಹೇಳು."

ರತ್ನ ಒಳಗೆ ಹೋದಳು. ಚಿಕ್ಕವೆಂಕಟಮ್ಮ ಇಳಿಯಲಿಲ್ಲ, ಮೇಲಿನ ಮೆಟ್ಟಿಲ ಮೇಲೆ ಕೂತು ಕಿವಿಗೊಟ್ಟಳು. ತಟ್ಟೆಯಿಂದ ತಟ್ಟೆಗೆ ಸೊಪ್ಪು ಬೀಳುವುದು ಕೇಳಿಸಿತು, ಆಮೇಲೆ ಸಾವಿರಾರು ಹುಳುಗಳು ಮೇಯುವ ಚರಚರ. ಎಲ್ಲ ತಟ್ಟೆಗೂ ಬಿತ್ತು ಎಂದು ಖಾತ್ರಿಯಾದರೂ ಅವಳು ಏಳಲಿಲ್ಲ. ಆ ಚರಚರದ ನಡುವೆ ಒಂದು ಹಾಳೆ ಮಗುಚಿದ್ದು ಕೇಳಿದ ಮೇಲೆ, ಸುಟ್ಟ ಮೊಣಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಸದ್ದಾಗದಂತೆ ಮೆಟ್ಟಿಲಿಳಿದಳು.