ಗಡಿಯಾರಕ್ಕೆ ಒಂದು ಪ್ರದಕ್ಷಿಣೆ

ನನ್ನ ಗಂಡ ರಘುರಾಮ ಭಟ್ಟರು ನಾಲ್ಕು ಸಲ ಯುರೋಪಿಗೆ ಹೋಗಿ ಬಂದಿದ್ದರು. ನೋಡಿದ್ದು ಮಾತ್ರ ಅಡುಗೆಮನೆ.

ಚೆನ್ನೈಯ ಮಣ್ಣಡಿಯ ಉಡುಪಿ ಹೋಟೆಲಿನಲ್ಲಿ ಮೂವತ್ತು ವರ್ಷ ಸಾಂಬಾರು ಕುದಿಸಿದ ಕೈ ಅವರದು. ಅಲ್ಲಿನ ಒಂದು ಟೂರ್ ಕಂಪನಿಯವರು ಪ್ರತಿ ಮೇ ತಿಂಗಳಲ್ಲಿ ನಲವತ್ತು ಮಂದಿ ಹಿರಿಯರನ್ನು ಯುರೋಪ್ ತೋರಿಸಲು ಕರೆದೊಯ್ಯುತ್ತಿದ್ದರು. ಅವರೆಲ್ಲ ಪರದೇಶವನ್ನು ಕಣ್ಣಿನಿಂದ ಮಾತ್ರ ನೋಡುವವರು, ನಾಲಿಗೆಗೆ ಸಾರು ಅನ್ನವೇ ಆಗಬೇಕು. ಹಾಗಾಗಿ ಪಾತ್ರೆ, ಬೇಳೆ, ಹುಣಸೆಹಣ್ಣಿನ ಜೊತೆಗೆ ಇವರೂ ವಿಮಾನ ಹತ್ತುತ್ತಿದ್ದರು. ಚಪಾತಿಗೆ ಇನ್ನೊಂದು ಕೈ ಬೇಕೆಂದು ಗುಂಪಿನ ಮ್ಯಾನೇಜರ್ ಪ್ರತಾಪ್ ವರ್ಷಾ ವರ್ಷ ಹೇಳುತ್ತಿದ್ದ. ಇವರು ಯಾರನ್ನೂ ಒಪ್ಪುತ್ತಿರಲಿಲ್ಲ.

ಪ್ರವಾಸದ ಕೊನೆಯ ಊರು ಪ್ರಾಗ್. ಮನೆಗೆ ಬಂದ ಮೇಲೆ ಇವರನ್ನು ಹೇಗಿತ್ತು ಎಂದು ಕೇಳಿದರೆ, "ಚಂದ ಉಂಟು" ಎಂದು ಹೇಳಿ ಕೈಕಾಲು ತೊಳೆಯಲು ಹೋಗುತ್ತಿದ್ದರು. ಮಿತಭಾಷಿ ಎಂದುಕೊಂಡು ನಾನೂ ಸುಮ್ಮನಿದ್ದೆ. ಎರಡು ಸಾವಿರದ ಐದರ ಮಾರ್ಚಿನಲ್ಲಿ ಬಂಡವಾಳ ಬಯಲಾಯಿತು. ರಾಯಪುರಂನ ನಮ್ಮ ಮನೆಯ ಮಹಡಿಯಲ್ಲಿರುವ ಸೀತಾ ಟಿವಿಯಲ್ಲಿ ಪ್ರಾಗ್ ನೋಡಿ ಓಡಿ ಬಂದಿದ್ದಳು.

"ಭಟ್ರೇ, ಆ ಹಳೇ ಊರಿನ ಗಡಿಯಾರ ನೋಡಿದ್ದೀರಲ್ವಾ? ಗಂಟೆ ಹೊಡೆಯುವಾಗ ಎಂತ ಆಗ್ತದೆ ಹೇಳಿ."

"ದೊಡ್ಡ ಗಡಿಯಾರ," ಎಂದರು ಇವರು. "ಟೈಮ್ ಸರಿ ತೋರಿಸ್ತದೆ."

ಸೀತಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. ಅವಳು ಮೆಟ್ಟಿಲು ಹತ್ತಿದ ಮೇಲೆ ಕೇಳಿದೆ.

"ನೀವು ಅದನ್ನು ನೋಡ್ಲೇ ಇಲ್ಲ ಅಲ್ವಾ?"

ಅವರು ಸುಳ್ಳು ಹೇಳಲಿಲ್ಲ, ಅಷ್ಟರ ಮಟ್ಟಿಗೆ ಪುಣ್ಯ. ಇಳಿದುಕೊಳ್ಳುವ ಹೋಟೆಲು ಹಳೇ ಊರಿನ ಬಾಗಿಲಲ್ಲೇ ಇದೆಯಂತೆ. ಗಡಿಯಾರದ ಚೌಕಕ್ಕೆ ಹತ್ತು ನಿಮಿಷದ ನಡಿಗೆಯಂತೆ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಬಿಡುವೂ ಉಂಟಂತೆ. ಆ ಎರಡು ಗಂಟೆ ಇವರು ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು ಶುಂಠಿ ಕೆರೆಯುತ್ತಾರಂತೆ!

"ದಾರಿ ತಪ್ಪಿದ್ರೆ ಯಾರ ಹತ್ರ ಕೇಳುದು ಮಾರಾಯ್ತಿ? ನಂಗೆ ಇಂಗ್ಲಿಷ್ ಬರುದಿಲ್ಲ, ಅವರಿಗೂ ಬರುದಿಲ್ಲ. ಹೋಟೆಲಲ್ಲಿ ನಲವತ್ತು ಜನ ಊಟಕ್ಕೆ ಕೂತಿರ್ತಾರೆ."

ನನಗೆ ಮೈಯೆಲ್ಲ ಉರಿಯಿತು. ಸಮುದ್ರ ದಾಟಿ ಹೋದವರಿಗೆ ಬೀದಿ ದಾಟಲು ಹೆದರಿಕೆಯೇ? ಆಮೇಲೆ ಆ ಮೆಟ್ಟಿಲು ಕಣ್ಣಿಗೆ ಬಂತು. ಗುಂಪೆಲ್ಲ ಕ್ಯಾಮೆರಾ ನೇತುಹಾಕಿಕೊಂಡು ಹೊರಟಾಗ ಶುಂಠಿ ಹಿಡಿದು ಕೂತ ಇವರೂ ಕಂಡರು. ಮಂಡಿನೋವೆಂದು ಈ ಮೇ ತಿಂಗಳಿನದೇ ಕೊನೆಯ ಪ್ರವಾಸ ಎಂದು ಇವರು ಪ್ರತಾಪನಿಗೆ ಹೇಳಿಯಾಗಿತ್ತು. ಈಗ ನೋಡದಿದ್ದರೆ ಇನ್ನು ಇಲ್ಲ.

"ಈ ಸಲ ಆ ಗಡಿಯಾರ ನೋಡ್ಲೇಬೇಕು," ಎಂದೆ. "ನಾನು ಕಲಿಸ್ತೇನೆ."

"ನೀನು ಪ್ರಾಗಿಗೆ ಯಾವಾಗ ಹೋಗಿದ್ದಿ?"

"ನೀವು ಯಾವಾಗ ಹೋಗಿದ್ರಿ?"

ಕಂಪನಿಯ ಪುಸ್ತಿಕೆಯಲ್ಲಿ ಹಳೇ ಊರಿನ ನಕ್ಷೆ ಇತ್ತು. ಅದನ್ನು ಹಳೆಯ ಕ್ಯಾಲೆಂಡರಿನ ಬೆನ್ನಿಗೆ ದೊಡ್ಡದಾಗಿ ಬರೆದೆ. ಹೋಟೆಲಿನ ಹತ್ತಿರದ ಕಪ್ಪು ಗೋಪುರ, ಅಲ್ಲಿಂದ ಒಂದು ಬೀದಿ, ಆಮೇಲೆ ಚೌಕ. ಚೌಕದಲ್ಲಿ ಎರಡು ಚೂಪು ಗೋಪುರದ ಇಗರ್ಜಿ, ಎದುರು ಗಡಿಯಾರ. ಗಂಟೆ ಹೊಡೆಯುವಾಗ ಅದರ ಕಿಟಕಿಯಲ್ಲಿ ಹನ್ನೆರಡು ಸಂತರು ಸಾಲಾಗಿ ಬಂದು ಹೋಗುತ್ತಾರೆಂದೂ ವಿವರಿಸಿದೆ. ಮಾಡಿದ ಎಡವಟ್ಟು ಅಲ್ಲಿಯೇ.

ನಕ್ಷೆ ನೋಡಿದರೆ ಸಾಲದು, ಕಾಲಿಗೆ ಅಭ್ಯಾಸ ಆಗಬೇಕು. ಸೋಮವಾರ ಅವರಿಗೆ ರಜೆ. ಜಾರ್ಜ್ ಟೌನಿಗೆ ಕರೆದುಕೊಂಡು ಹೋದೆ. ಮಣ್ಣಡಿಗೆ ತಾಗಿಕೊಂಡೇ ಇರುವ ಆ ಹಳೇ ಊರಿನಲ್ಲೂ ಇವರಿಗೆ ಗೊತ್ತಿದ್ದುದು ಹೋಟೆಲಿನಿಂದ ಬಸ್ ಸ್ಟ್ಯಾಂಡಿನ ದಾರಿ ಒಂದೇ. ಸಂದಿಗಳಿಗೇನೂ ಅಲ್ಲಿ ಬರವಿಲ್ಲ, ಕೈಗಾಡಿ, ಮೂಟೆ, ಹಸು, ಮದುವೆ ಪತ್ರಿಕೆಯ ಅಂಗಡಿ.

"ನೀವು ಮುಂದೆ ಹೋಗಿ. ನಾನು ಹತ್ತು ಹೆಜ್ಜೆ ಹಿಂದೆ ಬರ್ತೇನೆ, ಬಾಯಿ ಬಿಡುದಿಲ್ಲ. ಪ್ರತಿ ಮೂಲೆಯಲ್ಲಿ ನಿಂತು ಒಮ್ಮೆ ಹಿಂದೆ ತಿರುಗಿ ನೋಡ್ಬೇಕು. ಹೋಗುವಾಗಿನ ಬೀದಿ ಬೇರೆ, ಬರುವಾಗಿನ ಬೀದಿ ಬೇರೆ."

ಮೊದಲ ಸೋಮವಾರ ಮೂರು ಸಲ ದಾರಿ ತಪ್ಪಿ, ಒಂದು ಪಾತ್ರೆ ಗೋದಾಮಿನ ಒಳಗೇ ಹೊಕ್ಕರು. ಎರಡನೆಯ ಸೋಮವಾರ ಅವರ ಮೂಗು ಕೆಲಸಕ್ಕೆ ಇಳಿಯಿತು. ಗೋವಿಂದಪ್ಪ ನಾಯ್ಕನ್ ಬೀದಿ ಎಂದರೆ ಮೆಣಸು, ಇಂಗು. ಆಂಡರ್ಸನ್ ಬೀದಿ ಎಂದರೆ ಹೊಸ ಕಾಗದ. ಅಡುಗೆಯವರಿಗೆ ಇದಕ್ಕಿಂತ ಒಳ್ಳೆಯ ನಕ್ಷೆ ಯಾವುದು? ಮೂಲೆ ಮೂಲೆಯಲ್ಲಿ ಶಾಲೆಯ ಹುಡುಗನಂತೆ ನಿಂತು, ತಿರುಗಿ ನೋಡಿ, ನಾನು ತಲೆಯಾಡಿಸಿದ ಮೇಲೆ ಮುಂದೆ ಹೋಗುತ್ತಿದ್ದರು. ದೇವಸ್ಥಾನ ಸಿಕ್ಕಿದರೆ ಮಾತ್ರ ಎಲ್ಲ ಪಾಠ ಮರೆತು ಬಲಗಡೆ ದೇವರನ್ನಿಟ್ಟು ಒಂದು ಸುತ್ತು ಬರುವವರೇ. ತಂಬು ಚೆಟ್ಟಿ ಬೀದಿಯ ಕಾಳಿಕಾಂಬಾಳ್ ಗುಡಿಯಲ್ಲಿ ನಾನು ಕಾದು ಕಾದು ಸುಸ್ತಾಗಿದ್ದೆ. ಏಳು ಸೋಮವಾರ ಹೀಗೆ ನಡೆದೆವು. ಮದುವೆಯಾದ ಇಪ್ಪತ್ತೆಂಟು ವರ್ಷಗಳಲ್ಲಿ ನಾವಿಬ್ಬರೇ ಅಷ್ಟು ತಿರುಗಿದ್ದಿಲ್ಲ. ನನಗೆ ಬಹಳ ಖುಷಿಯಾಗಿತ್ತು, ಹೇಳಲು ಬಿಗುಮಾನ.

ಮೇ ತಿಂಗಳ ಕೊನೆಗೆ ಅವರು ಹಿಂದೆ ಬಂದರು. ಹೇಗಿತ್ತೆಂದು ನಾನು ಕೇಳಲಿಲ್ಲ. 'ಚಂದ ಉಂಟು' ಎಂದುಬಿಟ್ಟರೆ ಎಂಬ ಹೆದರಿಕೆ. ಊಟಕ್ಕೆ ಬಡಿಸಿ ಎದುರು ಕೂತೆ. ಮೊದಲ ತುತ್ತು ಬಾಯಿಗಿಡದೆ ಅವರೇ ಶುರು ಮಾಡಿದರು.

"ಆ ಕಪ್ಪು ಗೋಪುರದ ಅಡಿಯಿಂದ ಹೋದೆ. ಹೋಗುವಾಗ ಸುಟ್ಟ ಸಕ್ಕರೆಯ ವಾಸನೆ, ಆಮೇಲೆ ಕುದುರೆ. ಚೌಕದಲ್ಲಿ ಕುದುರೆಗಾಡಿ ನಿಲ್ಲಿಸ್ತಾರೆ. ಮೂರಕ್ಕೆ ಐದು ನಿಮಿಷ ಇರುವಾಗ ಗಡಿಯಾರದ ಎದುರು ಇದ್ದೆ."

"ಮತ್ತೆ?"

"ಮತ್ತೆ ಎಂತ? ಹನ್ನೆರಡು ಸಂತರಿದ್ದಾರೆ ಅಂತ ನೀನೇ ಹೇಳಿದ್ದಲ್ವಾ? ಒಂದು ಸುತ್ತು ಬರದೆ ಎದುರು ನಿಂತು ಮೇಲೆ ನೋಡುದು ಹೇಗೆ? ಪ್ರದಕ್ಷಿಣೆ ಹೊರಟೆ. ಆ ಕಟ್ಟಡದ ಸಾಲು ಉದ್ದ ಉಂಟು ಮಾರಾಯ್ತಿ. ನಾನು ಹಿಂದುಗಡೆ ಇರುವಾಗ ಗಂಟೆ ಹೊಡೆಯಿತು. ಓಡಿ ಬಂದೆ. ಜನರೆಲ್ಲ ಕ್ಯಾಮೆರಾ ಒಳಗೆ ಹಾಕ್ತಿದ್ರು."

ನಾನು ಹಣೆ ಚಚ್ಚಿಕೊಂಡೆ. ಐದು ಸಲ ಅಷ್ಟು ದೂರ ಹೋಗಿ, ಕೊನೆಗೆ ಗಡಿಯಾರದ ಬೆನ್ನು ನೋಡಿ ಬಂದರೇ?

"ಮುಂದಿನದ್ದು ನಾಲ್ಕು ಗಂಟೆಗೆ," ಎಂದರು. "ನಾಲ್ಕಕ್ಕೆ ನಾನು ಬೇಳೆ ಇಡ್ಬೇಕು."

"ಹಾಗಾದ್ರೆ ಬಂದುಬಿಟ್ರಾ?"

"ಇಲ್ಲ. ನಿಂತೆ."

ಮೂವತ್ತು ವರ್ಷದಲ್ಲಿ ಇವರ ಬೇಳೆ ಒಂದು ದಿನವೂ ತಡವಾದದ್ದಿಲ್ಲ. ನನ್ನ ಹೆರಿಗೆಯ ದಿನವೂ ಇವರು ಹೋಟೆಲಿನ ಒಲೆ ಹಚ್ಚಿಯೇ ಆಸ್ಪತ್ರೆಗೆ ಬಂದವರು. ಅಂಥವರು ಒಂದು ಗಂಟೆ ಅಲ್ಲಾಡದೆ ಬಿಸಿಲಲ್ಲಿ ನಿಂತರಂತೆ. ನಾಲ್ಕಕ್ಕೆ ಒಂದು ಅಸ್ಥಿಪಂಜರ ಹಗ್ಗ ಎಳೆದು ಗಂಟೆ ಬಾರಿಸಿತಂತೆ. ಕಿಟಕಿ ತೆರೆದು ಸಂತರು ಒಬ್ಬೊಬ್ಬರಾಗಿ ಇಣುಕಿ ಹೋದರಂತೆ, ಕಡೆಗೆ ಚಿನ್ನದ ಹುಂಜ ಕೂಗಿತಂತೆ. ಹೇಳುವಾಗ ಅವರ ಅನ್ನ ತಣ್ಣಗಾಗಿತ್ತು. ಇಷ್ಟು ಮಾತು ಇವರೊಳಗೆ ಎಲ್ಲಿ ಕೂತಿತ್ತೋ!

"ಊಟ ಅರ್ಧ ಗಂಟೆ ತಡ ಆಯ್ತು. ಎಲ್ಲಿಗೆ ಹೋಗಿದ್ರಿ ಅಂತ ಪ್ರತಾಪ್ ಕೇಳಿದ. ಗಡಿಯಾರ ನೋಡ್ಲಿಕ್ಕೆ ಅಂದೆ. ಅವನು ನಕ್ಕುಬಿಟ್ಟ."

"ದಾರಿ ತಪ್ಪಲಿಲ್ವಾ?"

"ಇಲ್ಲ. ಆದ್ರೆ ನೀನು ಕಲಿಸಿದ್ರಲ್ಲಿ ಒಂದು ತೊಂದರೆ ಉಂಟು." ಅವರು ತಟ್ಟೆ ನೋಡುತ್ತ ಹೇಳಿದರು. "ಪ್ರತಿ ಮೂಲೆಯಲ್ಲಿ ನಿಂತು ಹಿಂದೆ ತಿರುಗಿದೆ. ಒಂದ್ಸಲವೂ ನೀನಿರ್ಲಿಲ್ಲ."

ನನಗೆ ಅಳು ಬಂತು. ಮಜ್ಜಿಗೆ ತರುವ ನೆಪದಲ್ಲಿ ಎದ್ದು ಒಳಗೆ ಹೋದೆ.

ತಿರುಗಿ ಬರುವಾಗ ತಟ್ಟೆಯ ಪಕ್ಕದಲ್ಲಿ ಮಡಚಿದ ಒಂದು ಅರ್ಜಿ ಇತ್ತು. ಪಾಸ್‌ಪೋರ್ಟಿನದು. ಬರುವ ವರ್ಷವೂ ಹೋಗಲು ಇವರು ಒಪ್ಪಿದ್ದರಂತೆ, ಒಂದೇ ಷರತ್ತಿನ ಮೇಲೆ. ಚಪಾತಿಗೆ ಇನ್ನೊಂದು ಕೈ ಸಿಕ್ಕಿದೆ ಎಂದು ಪ್ರತಾಪನಿಗೆ ತಿಳಿಸಿಯೂ ಆಗಿದೆಯಂತೆ.

"ನನ್ನನ್ನು ಕೇಳುದು ಬೇಡ್ವಾ?" ಎಂದು ಗದರಿದೆ. "ಮಂಡಿ ನೋವು ಎಂತ ಆಯ್ತು?"

"ನೋವು ಉಂಟು. ಮೆಲ್ಲ ನಡೆಯುವ."

ಸೋಮವಾರ ಫೋಟೋ ತೆಗೆಸಲು ಹೊರಟೆವು. ಜಾರ್ಜ್ ಟೌನಿನಲ್ಲಿ ಬಸ್ಸಿಳಿದು ನಾನು ಗುರುತಿನ ಅಂಗಡಿಯ ಕಡೆ ತಿರುಗಿದರೆ, ಇವರು ನಾವಿಬ್ಬರೂ ಎಂದೂ ಕಾಲಿಡದ ಒಂದು ಬೀದಿಗೆ ಇಳಿದರು. ಇಲ್ಲೊಂದು ಸ್ಟುಡಿಯೋ ಇರಬಹುದು, ನೋಡುವ ಎಂದರು. ನಾನು ಗೊಣಗುತ್ತ ಹತ್ತು ಹೆಜ್ಜೆ ಹಿಂದೆ ನಡೆದೆ. ಮೊದಲ ಮೂಲೆಯಲ್ಲಿ ಅವರು ನಿಂತು ಹಿಂದೆ ತಿರುಗಿ ನೋಡಿದರು.

ನಾನಿದ್ದೆ.