ಕನ್ನಡಿಯ ಅಂಚಿನಲ್ಲಿ ನಿಂತಿದ್ದವರು

ನನ್ನ ಮೊಗ್ಗಿನ ಜಡೆಯ ಫೋಟೊವನ್ನು ಬ್ಲಾಗಿಗೆ ಹಾಕಿ ಒಂಬತ್ತು ದಿನವಾಗಿತ್ತು. ಕಾಲೇಜಿನಿಂದ ಬಂದ ಮಗಳು ಅರುಣಾ ಮುಖ ತೊಳೆಯುವುದಕ್ಕೂ ಮೊದಲೇ ಕಂಪ್ಯೂಟರ್ ಮುಂದೆ ಕೂತಳು. ನಾನು ಅಡುಗೆಮನೆಯ ಬಾಗಿಲ ಹತ್ತಿರ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದೆ.

"ಅಮ್ಮ, ಯಾರೋ ನಮಗೆ ಬೈದಿದಾರೆ ನೋಡು," ಎಂದಳು.

ಅದು ೨೦೦೭ರ ಡಿಸೆಂಬರ್. ಬ್ಲಾಗು ಅವಳದೇ ಯೋಚನೆ. ನಮ್ಮ ಮನೆಯ, ಅಕ್ಕಪಕ್ಕದವರ ಹಳೆಯ ಫೋಟೊಗಳನ್ನು ಮುಖ್ಯರಸ್ತೆಯ ಸೈಬರ್ ಸೆಂಟರಿನಲ್ಲಿ ಸ್ಕ್ಯಾನ್ ಮಾಡಿಸುವುದು, ಅವಳು ಅವನ್ನು ಹಾಕುವುದು, ಕೆಳಗೆ ನಾಲ್ಕು ಸಾಲು ನಾನು ಬರೆಯುವುದು. ಕುಕ್ಕರ್ ಮೂರು ಸಲ ಕೂಗುವುದರೊಳಗೆ ಒಂದು ಸಾಲು, ಬಟ್ಟೆ ಒಣಹಾಕಿ ಬಂದ ಮೇಲೆ ಇನ್ನೊಂದು. ರಾಜಾಜಿನಗರದ ಹಳಬರು ಎಲ್ಲೆಲ್ಲಿಂದಲೋ ಓದಿ, ಆ ಹುಣಸೆಮರ ನನಗೂ ಗೊತ್ತು, ಆ ಬಾವಿಯ ನೀರು ನಾವೂ ಸೇದಿದ್ದೇವೆ ಎಂದು ಬರೆಯುತ್ತಿದ್ದರು. ಬೈದವರು ಇವರೇ ಮೊದಲು.

ಇಂಗ್ಲಿಷ್ ಅಕ್ಷರಗಳಲ್ಲಿ ಬರೆದಿದ್ದ ಕನ್ನಡವನ್ನು ಅರುಣಾ ಓದಿದಳು. "ಈ ಫೋಟೊ ತೆಗೆದಿದ್ದು ನಮ್ಮ ತಂದೆ. ಕಾಪಿರೈಟ್ ನಮ್ಮದು. ಯಾರನ್ನ ಕೇಳಿ ಹಾಕಿದ್ರಿ? ಹಾಕಿದ್ದಲ್ಲದೆ ಹಾಳು ಬೇರೆ ಮಾಡಿದೀರಿ. ದಯವಿಟ್ಟು ತೆಗೀರಿ. ಸುಬ್ರಮಣಿ, ಲಗ್ಗೆರೆ." ಕೆಳಗೆ ಮೊಬೈಲ್ ನಂಬರ್ ಇತ್ತು.

"ಡಿಲೀಟ್ ಮಾಡ್ಲಾ?"

"ಫೋಟೋನಾ?"

"ಇವ್ರು ಬರೆದಿದ್ದನ್ನ. ಫೋಟೊದಲ್ಲಿರೋಳು ನೀನು ತಾನೆ? ಇವ್ರದ್ದೇನಂತೆ?"

"ಇರು, ಅವಸರ ಮಾಡ್ಬೇಡ," ಎಂದು ಮೊರ ಪಕ್ಕಕ್ಕಿಟ್ಟು ಎದ್ದು ಬಂದೆ.

ಪರದೆಯ ಮೇಲೆ ಏಳು ವರ್ಷದ ನಾನಿದ್ದೆ. ರಾಜಾಜಿನಗರದ ರಾಮಮಂದಿರದ ಹತ್ತಿರ ಮರಿಯಪ್ಪನವರ ಸ್ಟುಡಿಯೊ ಇತ್ತು. ಬೇಸಿಗೆ ರಜೆಯಲ್ಲಿ ಹೆಣ್ಣುಮಕ್ಕಳಿಗೆ ಮಲ್ಲಿಗೆ ಮೊಗ್ಗಿನ ಜಡೆ ಹೆಣೆಸಿ, ರೇಷ್ಮೆ ಲಂಗ ಉಡಿಸಿ ಅಲ್ಲಿಗೆ ಕರೆದೊಯ್ಯುತ್ತಿದ್ದರು. ಮುಖ ಒಂದು ಕಡೆ, ಜಡೆ ಇನ್ನೊಂದು ಕಡೆ. ಎರಡೂ ಕಾಣಬೇಕಲ್ಲ, ಅದಕ್ಕೆ ಬೆನ್ನ ಹಿಂದೆ ಆಳೆತ್ತರದ ಕನ್ನಡಿ ನಿಲ್ಲಿಸುತ್ತಿದ್ದರು. ನನ್ನ ಬಾಲ್ಯದ್ದು ಅಂತ ಉಳಿದಿರುವುದು ಆ ಒಂದೇ ಫೋಟೊ. ಜಡೆ ಹೆಣೆದ ನನ್ನ ಅಮ್ಮ ಹೋಗಿ ಹನ್ನೊಂದು ವರ್ಷವಾಯಿತು. ತೆಗೆದುಬಿಡು ಎಂದರೆ ಮನಸ್ಸು ಒಪ್ಪಬೇಕಲ್ಲ.

ಮರುದಿನ ಬೆಳಿಗ್ಗೆ ಎದುರು ಮನೆಯ ಗುರುಬಸಪ್ಪನವರಿಗೆ ಅವರೆಕಾಳಿನ ಉಪ್ಪಿಟ್ಟು ಕೊಡುವ ನೆಪದಲ್ಲಿ ಹೋದೆ. ಕೋರ್ಟಿನಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿದ್ದವರು. ಗಿಡಗಳಿಗೆ ನೀರು ಹಾಕುತ್ತಲೇ ಕೇಳಿಸಿಕೊಂಡರು.

"ಫೋಟೊ ತೆಗೀರಿ ಅಂತ ಹೇಳಿ, ದುಡ್ಡು ಕೊಟ್ಟಿದ್ದು ಯಾರಮ್ಮ?"

"ನಮ್ಮಮ್ಮ."

"ಬರವಣಿಗೆಯಲ್ಲಿ ಬೇರೆ ಕರಾರು ಏನಾದ್ರೂ ಇತ್ತಾ?"

"ಮೊಗ್ಗಿನ ಜಡೆ ಫೋಟೊಗೆ ಕರಾರು ಯಾರು ಬರೀತಾರೆ ಸಾರ್?"

"ಹಂಗಾದ್ರೆ ಕಾಪಿರೈಟು ನಿಮ್ಮ ಕಡೆಯವರದ್ದೇ. ತೆಗೆದೋನದ್ದಲ್ಲ, ತೆಗೆಸಿದೋರದ್ದು. ಧೈರ್ಯವಾಗಿರು." ಅವರು ನೀರಿನ ಪೈಪು ಕೆಳಗಿಟ್ಟರು. "ಆದ್ರೆ ಹಾಳು ಮಾಡಿದೀರಿ ಅಂತಾನಲ್ಲ, ಅದು ಬೇರೆ ವಿಷಯ. ಹಕ್ಕು ಯಾರದ್ದೇ ಇರ್ಲಿ, ತೆಗೆದೋನ ಹೆಸರು ಕೆಡೋ ಹಾಗೆ ಅವನ ಕೆಲಸನ ತಿದ್ದೋ ಹಾಗಿಲ್ಲ. ಏನಾದ್ರೂ ತಿದ್ದಿದೀರಾ?"

ನನಗೆ ಆಗ ನೆನಪಾಯಿತು.

ಫೋಟೊದಲ್ಲಿ ಕನ್ನಡಿಯ ಬಲ ಅಂಚಿನಲ್ಲಿ ಒಬ್ಬ ಹೆಂಗಸು ಕಾಣುತ್ತಿದ್ದಳು. ಕ್ಯಾಮೆರಾ ಪಕ್ಕ ನಿಂತಿದ್ದವಳ ಬಿಂಬ. ಸಾದಾ ಸೀರೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಳು. "ಯಾರೋ ಕೆಲಸದವಳು ಬಂದ್ಬಿಟ್ಟಿದಾಳೆ ಕಣೇ. ತೆಗೆದ್ಬಿಡು ಅವಳನ್ನ, ಜಡೆ ಚೆನ್ನಾಗಿ ಕಾಣ್ಲಿ," ಎಂದು ಅರುಣಾಗೆ ಹೇಳಿದ್ದು ನಾನೇ. ಅವಳು ಕಂಪ್ಯೂಟರಿನಲ್ಲಿ ಒಂದು ಸಂಜೆಯೆಲ್ಲ ಕೂತು ಒರೆಸಿ ಒರೆಸಿ, ಹೆಂಗಸು ಇದ್ದ ಜಾಗಕ್ಕೆ ಗೋಡೆ ಬರಿಸಿದ್ದಳು. ಜಾಣೆ ಎಂದು ಹೊಗಳಿಯೂ ಇದ್ದೆ.

ಮನೆಗೆ ಬಂದು ಒಲೆ ಆರಿಸಿ ಆ ನಂಬರಿಗೆ ಫೋನ್ ಮಾಡಿದೆ. ಹಿಂದೆ ಯಂತ್ರಗಳ ಸದ್ದು. ಪೀಣ್ಯದ ಯಾವುದೋ ಫ್ಯಾಕ್ಟರಿ ಇರಬೇಕು. "ಒಂದು ನಿಮಿಷ ಮೇಡಂ, ಆಚೆ ಬರ್ತೀನಿ," ಎಂದ ದನಿಯಲ್ಲಿ ಬರೆದದ್ದರ ಕಾವು ಇರಲಿಲ್ಲ.

"ಜೋರಾಗಿ ಬರೆದ್ಬಿಟ್ಟೆ, ಬೇಜಾರು ಮಾಡ್ಕೋಬೇಡಿ. ಒಂದೇ ಒಂದು ಕೇಳ್ತೀನಿ. ಕನ್ನಡೀಲಿ ಒಬ್ರು ಹೆಂಗಸು ಇದ್ರಲ್ಲ, ಅವ್ರೆಲ್ಲಿ?"

"ನಾವೇ ಅಳಿಸಿದ್ವಿ."

"ಅವ್ರು ನಮ್ಮಮ್ಮ, ಮೇಡಂ."

ಆಮೇಲೆ ಅವರೇ ಹೇಳಿದರು. ತಾಯಿ ಹೋದಾಗ ಅವರಿಗೆ ನಾಲ್ಕು ವರ್ಷ. ಊರಿನವರ ಫೋಟೊವೆಲ್ಲ ತೆಗೆದ ಅಪ್ಪ ಹೆಂಡತಿಯದನ್ನು ನಾಳೆ ತೆಗೆದರಾಯಿತು ಎಂದು ಬಿಟ್ಟಿದ್ದರು. ಉಳಿದದ್ದು ನನ್ನ ಜಡೆಯ ಫೋಟೊದ ಮೂಲೆಯಲ್ಲಿದ್ದ ಆ ಬಿಂಬ ಮಾತ್ರ. ಅದರ ಒಂದು ಪ್ರತಿ ಸ್ಟುಡಿಯೊದ ಶೋಕೇಸಿನಲ್ಲಿತ್ತು. ಅಂಗಡಿ ಖಾಲಿ ಮಾಡಿದಾಗ ಅದು ಎಲ್ಲಿ ಹೋಯಿತೋ. ಗಾಜಿನ ನೆಗೆಟಿವ್‌ಗಳನ್ನು ಯಾರೋ ತೊಳೆದು, ಫೋಟೊಗಳಿಗೆ ಗಾಜಿನ ಕಟ್ಟು ಹಾಕುವವರಿಗೆ ಕೊಟ್ಟರಂತೆ.

"ಅಪ್ಪನಿಗೆ ಈಗ ಎಪ್ಪತ್ತೆಂಟು. ಕಣ್ಣು ಮಂಜು. ಇರೋವಾಗ್ಲೇ ಒಂದ್ಸಲ ತೋರಿಸ್ಬೇಕು ಅಂತ ಎಷ್ಟು ಹುಡುಕಿದೀನಿ ಗೊತ್ತಾ? ಸೈಬರಲ್ಲಿ ನಿಮ್ಮ ಫೋಟೊ ಕಂಡಾಗ ಸಿಕ್ತು ಅಂದ್ಕೊಂಡೆ. ನೋಡಿದ್ರೆ ಅಲ್ಲಿ ಗೋಡೆ. ಕಾಪಿರೈಟು ಗೀಪಿರೈಟು ನಂಗೇನೂ ಗೊತ್ತಿಲ್ಲ ಮೇಡಂ. ಹಂಗೆ ಬರೆದ್ರೆ ನೀವು ಫೋನಾದ್ರೂ ಮಾಡ್ತೀರಿ ಅಂತ ಬರೆದೆ. ಅಸಲು ಫೋಟೊ ಇದೆಯಾ?"

ಬೀರುವಿನಲ್ಲಿ ಅಮ್ಮನ ಸೀರೆಯ ಮಡಿಕೆಯಲ್ಲಿ ಇಟ್ಟಿದ್ದೆ. ಮೂಲೆಗೆ ಬೂಷ್ಟು ಹಿಡಿದಿತ್ತು. ಕಿಟಕಿಯ ಹತ್ತಿರ ತಂದು ನೋಡಿ, "ಇದಾರೆ. ಭಾನುವಾರ ಬನ್ನಿ," ಎಂದೆ. ಅರುಣಾ ಅಂದೇ ಬ್ಲಾಗಿನಿಂದ ಆ ಫೋಟೊ ತೆಗೆದಳು. ಹೇಳಿಸಿಕೊಳ್ಳಲಿಲ್ಲ.

ಭಾನುವಾರ ಸುಬ್ರಮಣಿ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಒಂದು ಕವರು ಬಾಳೆಹಣ್ಣು, ಅಪ್ಪನ ಭೂತಗನ್ನಡಿ ತಂದಿದ್ದರು. ಕಾಫಿ ಕೊಟ್ಟರೆ ಕುಡಿಯಲಿಲ್ಲ. ಫೋಟೊ ಎತ್ತಿಕೊಳ್ಳುವ ಮೊದಲು ಕೈಯನ್ನು ಕರವಸ್ತ್ರದಲ್ಲಿ ಒರೆಸಿಕೊಂಡರು. ಎಷ್ಟು ಹೊತ್ತು ನೋಡಿದರೋ. ಅರುಣಾ ನನ್ನ ಮುಖ ನೋಡಿದಳು, ನಾನು ಸುಮ್ಮನಿರು ಎಂದು ಸನ್ನೆ ಮಾಡಿದೆ.

"ಅರ್ಧ ಮುಖ ಅಷ್ಟೇ ಇದೆ," ಎಂದರು ಕೊನೆಗೆ. ಕ್ಯಾಮೆರಾಕ್ಕೆ ಹೊದಿಸುವ ಕಪ್ಪು ಬಟ್ಟೆ ಇನ್ನರ್ಧಕ್ಕೆ ಅಡ್ಡ ಬಂದಿತ್ತು. "ಚಿಕ್ಕವನಿದ್ದಾಗ ಪೂರ್ತಿ ಕಾಣ್ತಿತ್ತು ಅನ್ಸುತ್ತೆ."

ಫೋಟೊ ಕೆಳಗಿಡದೆ ನನ್ನ ಕಡೆ ತಿರುಗಿದರು.

"ಅಕ್ಕ, ನೀವು ಅವರನ್ನ ಎದುರಿಗೆ ನೋಡಿದೀರಲ್ಲ. ಹೆಂಗಿದ್ರು? ಮಾತಾಡ್ಸಿದ್ರಾ?"

ಮೇಡಂ ಹೋಗಿ ಅಕ್ಕ ಆಗಿದ್ದೆ. ನಗುಮುಖ ಇತ್ತು, ಪೆಪ್ಪರ್‌ಮಿಂಟ್ ಕೊಟ್ಟರು, ಜಾಣಮರಿ ಎಂದರು ಎಂದು ಹೇಳಿಬಿಡಬಹುದಿತ್ತು. ಆ ಮನುಷ್ಯ ಅದನ್ನು ಲಗ್ಗೆರೆಯವರೆಗೂ ಜೋಪಾನವಾಗಿ ಹೊತ್ತುಕೊಂಡು ಹೋಗುತ್ತಿದ್ದರು. ಆದರೆ ಒಂದು ಸಲ ಅವರ ತಾಯಿಯನ್ನು ಅಳಿಸಿದ್ದೆ. ಈಗ ಇಲ್ಲದ್ದನ್ನು ಬರೆದು ತುಂಬಿಸಲೇ?

"ಮುಖ ನೆನಪಿಲ್ಲಪ್ಪ," ಎಂದೆ. "ಕೈ ನೆನಪಿದೆ. ಜಡೆ ಭಾರಕ್ಕೆ ಜಾರ್ತಾ ಇತ್ತು. ಯಾರೋ ಹಿಂದಿನಿಂದ ಬಂದು ಪಿನ್ನು ಸಿಕ್ಕಿಸಿದ್ರು. ಬೆರಳು ಕುತ್ತಿಗೆಗೆ ತಾಗಿದಾಗ ಐಸಿನ ಹಾಗೆ ತಣ್ಣಗಿತ್ತು. ಏನೋ ಒಂಥರಾ ಔಷಧಿ ವಾಸನೆ. ಹೂವಿಗೆ ತಾಗ್ಬಾರ್ದು ಅಂತ ಕೈನ ಸೆರಗಿಗೆ ಎರಡು ಸಲ ಒರೆಸ್ಕೊಂಡ್ರು. ಅಷ್ಟೇ ಇರೋದು ನನ್ನ ಹತ್ರ."

ಸುಬ್ರಮಣಿ ಭೂತಗನ್ನಡಿಯನ್ನು ಮೇಜಿನ ಮೇಲಿಟ್ಟರು. "ಒಳಗೆ ಕತ್ತಲೆ ಕೋಣೇಲಿ ಪ್ರಿಂಟು ತೊಳೀತಿದ್ದೋರು ಅಮ್ಮಾನೇ. ಇಡೀ ದಿನ ಕೈ ಆ ಔಷಧಿ ನೀರಲ್ಲೇ ಇರ್ತಿತ್ತಂತೆ," ಎಂದವರು ಕಿಟಕಿಯ ಕಡೆ ತಿರುಗಿದರು. ಆಮೇಲೆ ಆರಿದ ಕಾಫಿಯನ್ನೇ ಒಂದು ಗುಟುಕಿಗೆ ಕುಡಿದರು.

ಹೊರಡುವಾಗ ಫೋಟೊವನ್ನು ಎರಡು ರಟ್ಟಿನ ನಡುವೆ ಇಟ್ಟು ದಾರ ಕಟ್ಟಿ ಕೊಟ್ಟೆ. "ಅಮ್ಮ, ಅದೊಂದೇ ಇರೋದು," ಎಂದಳು ಅರುಣಾ ಮೆಲ್ಲಗೆ.

"ಗೊತ್ತು," ಎಂದು ಸುಬ್ರಮಣಿಯವರ ಕಡೆ ತಿರುಗಿದೆ. "ನಿಮ್ಮ ತಂದೆಯವರು ನೋಡ್ಲಿ. ಅವರು ಬೇಡ ಅಂದ್ರೆ ನಾವು ಮತ್ತೆ ಹಾಕಲ್ಲ," ಎಂದೆ.

ಮಂಗಳವಾರ ಮಧ್ಯಾಹ್ನ ದೋಸೆಗೆ ರುಬ್ಬುತ್ತಿದ್ದಾಗ ಫೋನ್ ಬಂತು. ಅಪ್ಪ ಮಾತಾಡಬೇಕಂತೆ ಎಂದು ಸುಬ್ರಮಣಿ ಕೊಟ್ಟರು.

"ನೀನೇ ಏನಮ್ಮ, ಆವತ್ತು ಮುಸುಡಿ ಊದಿಸ್ಕೊಂಡು ನಿಂತಿದ್ದೋಳು?"

"ಹೂಂ ಸಾರ್. ಜಡೆ ಭಾರ ಆಗಿತ್ತು."

"ಎಲ್ಲಾ ಮಕ್ಕಳಿಗೂ ಆಗುತ್ತೆ. ನಿನ್ನಷ್ಟು ಸತಾಯಿಸಿದೋರು ಯಾರೂ ಇಲ್ಲ." ಮುದಿ ದನಿಯಾದರೂ ಗಟ್ಟಿಯಾಗಿತ್ತು. "ಆ ಫೋಟೊ ಸರಿಯಾಗಿ ಬಂದಿಲ್ಲ ಕಣಮ್ಮ. ಕನ್ನಡಿ ನಾಕು ಬೆರಳು ಓರೆಯಾಗಿತ್ತು. ಅವಳು ಬೀಳ್ಬಾರ್ದಿತ್ತು ಅದ್ರೊಳಗೆ. ನಿನ್ನ ಮಗಳು ಅಳಿಸಿದ್ದು ಸರಿನೇ. ನಾನೂ ರೀಟಚ್ ಮಾಡಿ ತೆಗೀಬೇಕು ಅಂತಿದ್ದೆ."

"ಮತ್ತೆ ಯಾಕೆ ತೆಗೀಲಿಲ್ಲ ಸಾರ್?"

"ಬ್ರಶ್ ತಗೊಂಡು ಕೂತೆ. ಹಿಂದೆ ಬಂದು ನಿಂತ್ಕೊಂಡ್ಲು. 'ಕನ್ನಡೀಲಾದ್ರೂ ಇರ್ತೀನಿ ಬಿಡಿ, ಕ್ಯಾಮೆರಾ ಮುಂದೆ ಅಂತೂ ನಿಲ್ಸಲ್ಲ ನೀವು' ಅಂದ್ಲು. ತಮಾಷೆಗೇ ಅಂದಿದ್ದು. ಬ್ರಶ್ ಇಟ್ಬಿಟ್ಟೆ."

ಸೆರಗಿನಿಂದ ಕಣ್ಣೊರೆಸಿಕೊಂಡೆ, ಕೈಯ ಹಿಟ್ಟು ಕೆನ್ನೆಗೆ ಹತ್ತಿತು. "ಈಗ ನಾವೇನು ಮಾಡೋಣ ಹೇಳಿ ಸಾರ್. ಹಾಕೋದಾ, ಬೇಡ್ವಾ?"

"ಹಾಕು. ಇದ್ದ ಹಾಗೇ ಹಾಕು. ಕನ್ನಡಿ ಓರೆ ಇಟ್ಟೋನು ಮರಿಯಪ್ಪ ಅಂತ ಬರಿ. ಅವಳ ಹೆಸರು ಲಿಂಗಮ್ಮ." ಆಮೇಲೆ ದನಿ ತಗ್ಗಿಸಿ, ಏನೋ ಸಾಲ ಕೇಳುವವರ ಹಾಗೆ, "ಫೋಟೊ ಕಾರ್ಡು ನಿನ್ದೇ ಕಣಮ್ಮ, ನಂಗೊತ್ತು. ಇನ್ನೊಂದೆರಡು ದಿನ ಇಲ್ಲಿರ್ಲಾ? ಬಿಸಿಲು ಚೆನ್ನಾಗಿ ಬಂದಾಗ ಕಿಟಕಿ ಹತ್ರ ಹಿಡಿದ್ರೆ ಸ್ವಲ್ಪ ಕಾಣುತ್ತೆ," ಎಂದರು.

"ಇರ್ಲಿ ಸಾರ್," ಎಂದೆ. "ನೋಡ್ತಾ ಇರಿ. ನಂಗೇನೂ ಅವಸರ ಇಲ್ಲ."